ಉಗ್ಗಿಗೆ ಚಿಪ್ ಬರುತ್ತಾ? ಬಳ್ಳಿಗಾವಿಯ ಕಲ್ಲಿನಿಂದ ಮಿದುಳಿನ ತಂತಿಯವರೆಗೆ

ಭಾಗ 1/9 · ಪ್ರಶ್ನೆ

ಮಿದುಳಿನೊಳಗೆ ಚಿಪ್ ಇಟ್ಟು ಮೌಸ್ ಓಡಿಸುವ ರೀಲ್ಸ್ ನೀವೂ ನೋಡಿರ್ತೀರಿ. ಅದನ್ನು ನೋಡಿದ ಮೇಲೆ ಒಂದು ಪ್ರಶ್ನೆ ಬರೋದು ಸಹಜ. ಮೌಸ್ ಓಡುತ್ತೆ ಅಂದ್ರೆ, ತಡವರಿಸುವ ಮಾತನ್ನೂ ಓಡಿಸಬಹುದಲ್ವಾ? ಉಗ್ಗಿಗೂ ಒಂದು ಚಿಪ್ ಹಾಕಿ ಮುಗಿಸಬಹುದಲ್ವಾ?

ಈ ಪ್ರಶ್ನೆ ತಮಾಷೆಯದ್ದಲ್ಲ. ಜಗತ್ತಿನಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತೆ ಅಂತ ಲೆಕ್ಕ. 2011ರ ಜನಗಣತಿಯಲ್ಲಿ ಶಿಕಾರಿಪುರ ತಾಲ್ಲೂಕು, ಸೊರಬ ತಾಲ್ಲೂಕು ಎರಡೂ ಹೆಚ್ಚುಕಡಿಮೆ ಎರಡೆರಡು ಲಕ್ಷ ಜನರವು. ಅದೇ ಲೆಕ್ಕ ಇಲ್ಲಿಗೂ ಹಾಕಿದರೆ ಎರಡೂ ತಾಲ್ಲೂಕು ಸೇರಿ ಸುಮಾರು ನಾಲ್ಕು ಸಾವಿರ ಜನ. ಅವರಲ್ಲಿ ಒಬ್ಬರು ನಿಮ್ಮ ಕ್ಲಾಸಿನಲ್ಲೇ ಕೂತಿರಬಹುದು. ಹಾಜರಿ ಕರೆಯುವಾಗ ತನ್ನ ನಂಬರ್ ಹತ್ತಿರ ಬಂದಂತೆ ಕೈ ಬೆವರುವವರು ಅವರು. ಉತ್ತರ ಗೊತ್ತಿದ್ದೂ "ಗೊತ್ತಿಲ್ಲ ಸರ್" ಅಂತ ಕೂತುಬಿಡುವವರೂ ಅವರೇ, ಯಾಕಂದ್ರೆ "ಗೊತ್ತಿಲ್ಲ" ಅನ್ನೋದು ಉತ್ತರಕ್ಕಿಂತ ಸುಲಭವಾಗಿ ಬಾಯಿಂದ ಬರುತ್ತೆ.

ಈ ಸರಣಿ ಅವರಿಗಾಗಿ. ಅವರ ಪಕ್ಕದ ಬೆಂಚಿನಲ್ಲಿ ಕೂತಿರುವ ನಮಗಾಗಿ ಕೂಡ. ಸ್ವೈಪ್ ಮಾಡಿ. ಮೊದಲು ನಮ್ಮೂರಿನ ಒಂದು ಕಲ್ಲಿನ ಹತ್ತಿರ ಹೋಗೋಣ.

ಭಾಗ 2/9 · ಮಾತಿನ ಸೀಮೆ

ಈ ಫೋಟೊ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯದ್ದು. ಕೇದಾರೇಶ್ವರ ದೇವಸ್ಥಾನ. ಟ್ರಿಪ್ಪಿಗೆ ಹೋಗಿ ಕಂಬದ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು ಬಹಳ ಜನ ಇದ್ದೀರಿ. ಅಲ್ಲಿ ಕೋಡಿಯಮಠ ಅಂತ ಒಂದು ದೊಡ್ಡ ಮಠ ಇತ್ತು. ಕ್ರಿ.ಶ. 1162ರ ಒಂದು ಶಾಸನ ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಉದ್ದನೆಯ ಪಟ್ಟಿ ಕೊಡುತ್ತೆ. ಕಳಚೂರಿ ಬಿಜ್ಜಳನ ಕಾಲ ಅದು. ಬಿ.ಎಲ್. ರೈಸ್ ಅವರು 1902ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಸೊರಬದ್ದು ಬೇಕಂದ್ರೆ 8ನೇ ಸಂಪುಟ ನೋಡಿ.

ಪಟ್ಟಿಯಲ್ಲಿ ಪಾಣಿನಿ, ಶಾಕಟಾಯನ ಮುಂತಾದವರ ವ್ಯಾಕರಣಗಳ ಪಾಠ ಬರುತ್ತೆ. ವೇದ, ದರ್ಶನ, ಪುರಾಣ, ಕಾವ್ಯ, ನಾಟಕ ಬರುತ್ತೆ. ಅಷ್ಟಕ್ಕೇ ನಿಲ್ಲಲ್ಲ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು (ಇವು ಆ ಕಾಲದ ಮಾತುಗಳು), ಹಾಡುವವರು, ಬಾರಿಸುವವರು, ಇವರಿಗೆಲ್ಲ ಅನ್ನ ಸಿಗುವ ಜಾಗ ಇದು ಅನ್ನುತ್ತೆ. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ ಅಂತಲೂ ಹೇಳುತ್ತೆ.

ಉಗ್ಗಿಗೆ ಅಲ್ಲಿ ಬೇರೆ ಹೆಸರಿಲ್ಲ. ಆದರೆ ಗಮನಿಸಿ. ಮಾತಿನ ಶಾಸ್ತ್ರ ಕಲಿಸುವ ಜಾಗ, ಕಿವಿ ಕೇಳದವರಿಗೆ ಅನ್ನ ಹಾಕುವ ಜಾಗ, ಔಷಧ ಕೊಡುವ ಜಾಗ, ಮೂರೂ ಒಂದೇ ಆವರಣದಲ್ಲಿದ್ದವು. ಈ ಮೂರು ಮುಂದೆ ಬೇರೆಬೇರೆ ಆದಾಗ ಏನಾಯ್ತು ಅನ್ನೋದನ್ನ ಭಾಗ 4ರಲ್ಲಿ ನೋಡ್ತೀರಿ.

ಈ ಸೀಮೆಗೆ ಮಾತಿನ ನಂಟು ಹಳೇದು. ತಾಳಗುಂದದ ಶಾಸನ, ಅಲ್ಲಮ ಬೆಳೆದ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಎಲ್ಲ ಶಿಕಾರಿಪುರ ತಾಲ್ಲೂಕಿನವೇ. ವಚನ ಅಂದ್ರೇನೇ ಮಾತು.

ಭಾಗ 3/9 · ಬಜೆ ಬೇರು

ಫೋಟೊದಲ್ಲಿರೋದು ಬಜೆ. ಅಜ್ಜಿ ಇರುವ ಮನೆಯಲ್ಲಿ ಒಂದು ತುಂಡಾದರೂ ಸಿಗುತ್ತೆ. ಮಗುವಿಗೆ ಮಾತು ತಡ ಆದ್ರೆ, ನಾಲಿಗೆ ತಿರುಗದಿದ್ರೆ, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸೋದು ನಮ್ಮ ಕಡೆ ಹಳೇ ರೂಢಿ. ಸಂಸ್ಕೃತದಲ್ಲಿ ಇದರ ಹೆಸರು ವಚಾ. ಅದೇ ನಮ್ಮ ಬಾಯಲ್ಲಿ ಬಜೆ ಆಗಿದ್ದು. ವಚನಕ್ಕೂ ವಚಾಕ್ಕೂ ಬೇರು ಒಂದೇ, ಮಾತು ಅನ್ನೋ ಅರ್ಥದ್ದು. ಗಿಡಕ್ಕೇ ಮಾತಿನ ಹೆಸರು!

ಆದರೆ ಬಜೆಯಿಂದ ಉಗ್ಗು ಹೋಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಹಸುಗೂಸಿಗೆ ಡಾಕ್ಟರನ್ನ ಕೇಳದೆ ಕೊಡಬೇಡಿ ಅಂತ ಅಜ್ಜಿಗೂ ನಿಧಾನವಾಗಿ ತಿಳಿಸಿ ಹೇಳಿ.

ಹಳೇ ವೈದ್ಯ ಗ್ರಂಥಗಳೂ ಇದನ್ನು ಗಮನಿಸಿದ್ದವು. ಸುಶ್ರುತ ಸಂಹಿತೆಯ ವಾತರೋಗಗಳ ಭಾಗದಲ್ಲಿ ಮೂಕ, ಮಿನ್ಮಿನ, ಗದ್ಗದ ಅಂತ ಮೂರು ಸ್ಥಿತಿ ಬರುತ್ತೆ. ಮಾತೇ ಬರದಿರುವುದು, ಮೂಗಿನಲ್ಲಿ ಆಡುವುದು, ತಡವರಿಸುವುದು. ಕಾರಣ ಏನಂತೆ? ಶಬ್ದವನ್ನು ಹೊರುವ ನಾಳಗಳಲ್ಲಿ ಕಫ ಸೇರಿದ ವಾತ ಅಡ್ಡ ಬರುತ್ತೆ ಅಂತ. ಇವತ್ತಿನ ವಿಜ್ಞಾನ ಇದನ್ನು ಒಪ್ಪಲ್ಲ. ಆದರೂ ಅವರು ನಾಲಿಗೆಯನ್ನೊಂದನ್ನೇ ಬೈದು ಬಿಡಲಿಲ್ಲ, ಮಾತು ಸಾಗುವ ದಾರಿಯ ಬಗ್ಗೆ ಯೋಚಿಸಿದ್ರು ಅನ್ನೋದನ್ನ ನೆನಪಿಟ್ಕೊಳ್ಳಿ. ಭಾಗ 7ರಲ್ಲಿ ಬೇಕಾಗುತ್ತೆ.

ಭಾಗ 4/9 · ನಾಲಿಗೆಗೆ ಶಿಕ್ಷೆ

ಈಗ ಸ್ವಲ್ಪ ಯುರೋಪಿಗೆ ಹೋಗಿ ಬರೋಣ. ಯಾಕಂದ್ರೆ ಅಲ್ಲಿ ಶುರುವಾದ ಚಿಕಿತ್ಸೆಯ ಜಗಳವೇ ಮುಂದೆ ಮೈಸೂರಿನ ತನಕ ಬಂತು.

ಗ್ರೀಸಿನ ಡೆಮೊಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಭಾಷಣ ಅಭ್ಯಾಸ ಮಾಡಿದ ಅನ್ನೋ ಕಥೆ ನಿಮಗೆ ಗೊತ್ತು. ಅದು ಸಾಹಸದ ಕಥೆ ಥರ ಕೇಳುತ್ತೆ. 1841ರಲ್ಲಿ ಬರ್ಲಿನ್ನಿನಲ್ಲಿ ನಡೆದಿದ್ದು ಹಾಗಲ್ಲ. ಯೋಹಾನ್ ಫ್ರೀಡ್ರಿಚ್ ಡೀಫೆನ್‌ಬಾಖ್ ಆಗಿನ ಕಾಲದ ಹೆಸರಾಂತ ಸರ್ಜನ್. ಉಗ್ಗಿಗೆ ನಾಲಿಗೆಯ ಸೆಳೆತವೇ ಕಾರಣ ಅಂತ ನಂಬಿ, ನಾಲಿಗೆಯ ಬುಡದಲ್ಲಿ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ಆಪರೇಷನ್ ಮಾಡಿದರು. ಈಥರ್ ಅರಿವಳಿಕೆ ಜಗತ್ತಿಗೆ ತೋರಿದ್ದು 1846ರಲ್ಲಿ. ಅಂದ್ರೆ ಇದೆಲ್ಲ ಎಚ್ಚರದಲ್ಲೇ ನಡೆದದ್ದು! ಬೇರೆ ಸರ್ಜನ್‌ಗಳೂ ಶುರು ಮಾಡಿದರು. ರಕ್ತ ಹೋಯ್ತು, ನೋವಾಯ್ತು, ಉಗ್ಗು ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಆ ಹುಚ್ಚು ಇಳೀತು.

ಮಾತಿನ ಬಗ್ಗೆ ಕಲಿಯದೆ ಬರೀ ಕತ್ತಿ ಹಿಡಿದರೆ ಹೀಗಾಗುತ್ತೆ.

ಇನ್ನೊಂದು ದಾರಿಯೂ ಇತ್ತು. ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ 1926ರಲ್ಲಿ ಲಯೊನೆಲ್ ಲೋಗ್ ಅವರ ಹತ್ತಿರ ಹೋದರು. ಲೋಗ್‌ಗೆ ಡಾಕ್ಟರ್ ಡಿಗ್ರಿ ಇರಲಿಲ್ಲ. ಉಸಿರಿನ ಅಭ್ಯಾಸ, ಓದುವ ಅಭ್ಯಾಸ, ಜೊತೆಗೆ ಧೈರ್ಯ ಹೇಳೋದು, ಇಷ್ಟೇ ಅವರ ಹತ್ತಿರ ಇದ್ದದ್ದು. ಆಲ್ಬರ್ಟ್ ಮುಂದೆ ಆರನೇ ಜಾರ್ಜ್ ಆದರು. 1939ರ ಸೆಪ್ಟೆಂಬರ್ 3ರಂದು ಯುದ್ಧ ಶುರುವಾದಾಗ ರೇಡಿಯೊದಲ್ಲಿ ದೇಶಕ್ಕೆ ಮಾತಾಡಿದರು, ಲೋಗ್ ಎದುರಿಗೇ ಇದ್ದರು. ರಾಜನ ಉಗ್ಗು ಪೂರ್ತಿ ಹೋಗಿರಲಿಲ್ಲ. ಆದರೂ ಮಾತಾಡಿದರು. ಈ ಎರಡು ವಾಕ್ಯ ಮುಖ್ಯ, ಇನ್ನೊಂದ್ಸಲ ಓದಿ.

ಭಾಗ 5/9 · ಅನಾಥಾಲಯದ ಮಕ್ಕಳು

ಅದೇ 1939. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ. ವೆಂಡೆಲ್ ಜಾನ್ಸನ್ ಅಲ್ಲಿನ ಪ್ರಾಧ್ಯಾಪಕ, ಅವರಿಗೂ ಉಗ್ಗು ಇತ್ತು. ಮಗುವಿನ ಬಾಯಲ್ಲಿ ಉಗ್ಗು ಹುಟ್ಟಲ್ಲ, ಅಪ್ಪ ಅಮ್ಮನ ಕಿವಿಯಲ್ಲಿ ಹುಟ್ಟುತ್ತೆ ಅಂತ ಅವರು ಯೋಚಿಸಿದ್ರು. ಅಂದ್ರೆ ಮಕ್ಕಳ ಸಹಜ ತೊದಲನ್ನು ದೊಡ್ಡವರು "ಉಗ್ಗು" ಅಂತ ಕರೆದು ಕರೆದು ಉಗ್ಗು ಮಾಡ್ತಾರೆ ಅಂತ.

ಇದನ್ನು ಪರೀಕ್ಷೆ ಮಾಡೋಕೆ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಒಂದು ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಚೆನ್ನಾಗೇ ಮಾತಾಡ್ತಿದ್ದ 6 ಮಕ್ಕಳಿಗೆ "ನಿನಗೆ ಉಗ್ಗು ಶುರುವಾಗ್ತಿದೆ, ಸರಿಯಾಗಿ ಬರೋ ತನಕ ಬಾಯಿ ತೆರೀಬೇಡ" ಅನ್ನೋ ಥರ ಹೇಳಲಾಯ್ತು. ಆ ಮಕ್ಕಳು ಮಾತು ಕಡಿಮೆ ಮಾಡಿದರು, ಕ್ಲಾಸಿನಲ್ಲಿ ಉತ್ತರ ಕೊಡಲು ಹೆದರಿದರು. ಈ ವಿಷಯ ಪತ್ರಿಕೆಯಲ್ಲಿ ದೊಡ್ಡದಾಗಿ ಬಂದದ್ದು 2001ರಲ್ಲಿ. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು.

ಬೈದರೆ ಉಗ್ಗು ಹುಟ್ಟುತ್ತೆ ಅಂತ ಇದರಿಂದ ಸಾಬೀತಾಗಲಿಲ್ಲ. ಆದರೆ ಬೈದರೆ ಮಗು ಬಾಯಿ ಮುಚ್ಚಿಕೊಳ್ಳುತ್ತೆ ಅಂತ ಚೆನ್ನಾಗಿ ಕಾಣಿಸಿತು. ಜಾನ್ಸನ್ ಇನ್ನೊಂದು ಮಾತೂ ಹೇಳಿದ್ದರು. ಅಮೆರಿಕದ ಮೂಲನಿವಾಸಿಗಳ ಭಾಷೆಯಲ್ಲಿ ಉಗ್ಗಿಗೆ ಪದವೇ ಇಲ್ಲ, ಆದ್ದರಿಂದ ಅವರಲ್ಲಿ ಉಗ್ಗೂ ಇಲ್ಲ ಅಂತ. ಆಮೇಲೆ ಹುಡುಕಿದವರಿಗೆ ಪದವೂ ಸಿಕ್ಕಿತು, ಉಗ್ಗು ಇರುವವರೂ ಸಿಕ್ಕರು. ನಮ್ಮ ಕನ್ನಡದಲ್ಲಂತೂ ಉಗ್ಗು, ತೊದಲು, ತಡವರಿಸು ಅಂತ ಒಂದೊಂದಕ್ಕೂ ಬೇರೆ ಪದ ಇದೆ. ಪದದ್ದೇನೂ ತಪ್ಪಿಲ್ಲ. ಅದನ್ನು ಅಡ್ಡಹೆಸರು ಮಾಡಿ ಕರೆಯೋದು ತಪ್ಪು.

ಭಾಗ 6/9 · ಮೈಸೂರು

ಈಗ ಕರ್ನಾಟಕಕ್ಕೆ ವಾಪಸ್. 1965ರಲ್ಲಿ ಮೈಸೂರಿನಲ್ಲಿ ಮಾತು ಮತ್ತು ಕಿವಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಶುರುವಾಯ್ತು. 1966ರ ಜುಲೈ 25ರಂದು ಆಗಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಶಂಕುಸ್ಥಾಪನೆ ಮಾಡಿದರು. ಅದೇ ಇವತ್ತು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಬಾಯಿಮಾತಿನಲ್ಲಿ ಆಯಿಷ್.

ಇದು ಯಾಕೆ ದೊಡ್ಡ ವಿಷಯ ಗೊತ್ತಾ? ಅಲ್ಲಿಯ ತನಕ ಓದುವ ಪುಸ್ತಕ, ಪರೀಕ್ಷೆ, ಅಭ್ಯಾಸದ ಪಟ್ಟಿ ಬಹುಪಾಲು ಇಂಗ್ಲಿಷಿನವು. ಕನ್ನಡದ ಮಗು ಯಾವ ಅಕ್ಷರದಲ್ಲಿ ಎಡವುತ್ತೆ ಅಂತ ನೋಡಬೇಕಾದರೆ ಕನ್ನಡದ್ದೇ ಪದ ಬೇಕಲ್ವಾ? 'ಳ' ಮತ್ತು 'ಣ' ಇಂಗ್ಲಿಷ್ ಪಟ್ಟಿಯಲ್ಲಿ ಎಲ್ಲಿ ಸಿಗುತ್ತೆ? 1972ರ ಹೊತ್ತಿಗೆ ಕನ್ನಡದಲ್ಲಿ ಉಚ್ಚಾರಣೆ ಪರೀಕ್ಷೆ ಸಿದ್ಧವಾಯ್ತು. ಬಳ್ಳಿಗಾವಿಯ ಪಟ್ಟಿ ನೆನಪು ಮಾಡ್ಕೊಳ್ಳಿ. ಭಾಷೆ ಕಲಿಯುವವರು, ಕಿವಿ ಕೇಳದವರು, ಚಿಕಿತ್ಸೆ ಮಾಡುವವರು ಮತ್ತೆ ಒಂದೇ ಆವರಣಕ್ಕೆ ಬಂದರು.

ಅಲ್ಲಿ ಉಗ್ಗಿಗೆ ಮಾಡೋದೇನು? ಔಷಧ ಅಲ್ಲ, ತರಬೇತಿ. ಪದದ ಮೊದಲ ಸ್ವರವನ್ನು ಎಳೆದು ಹೇಳೋದು, ಗಂಟಲು ಬಿಗಿ ಮಾಡದೆ ಮೆತ್ತಗೆ ಶುರು ಮಾಡೋದು, ನಡುನಡುವೆ ನಿಲ್ಲೋದು. ಕೋಣೆಯಲ್ಲಿ ಕಲಿತದ್ದನ್ನು ಆಮೇಲೆ ಫೋನಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾಡಿ ನೋಡೋದು. ಹೆದರಿಕೆ ಬಗ್ಗೆ ಬಿಚ್ಚಿ ಮಾತಾಡೋದೂ ಅದರದೇ ಭಾಗ.

ಸೊರಬದವರಿಗೆ ಇದು ಬೇಗ ಅರ್ಥ ಆಗುತ್ತೆ. ಗುಡಿಗಾರರ ಮನೆಯ ಹುಡುಗ ಉಳಿ ಹಿಡಿದ ದಿನವೇ ಗಂಧದ ಆನೆ ಕೆತ್ತಲ್ಲ. ಮೊದಲು ಸಾದಾ ಮರದ ಮೇಲೆ ಒಂದೇ ಗೆರೆ, ನೂರು ಸಲ. ಕೈಗೆ ತಾನಾಗಿ ಬರೋ ತನಕ.

ಭಾಗ 7/9 · ಕಂಡಕ್ಟರ್ ಸೀಟಿ

ಹಾಗಾದರೆ ಉಗ್ಗು ಇರೋದು ಎಲ್ಲಿ? ಒಂದು ಪ್ರಯೋಗ ನೆನಪಿಸ್ಕೊಳ್ಳಿ. ಪ್ರೈಮರಿ ಸ್ಕೂಲಿನಲ್ಲಿ ಎಲ್ಲರೂ ಒಟ್ಟಿಗೆ ಮಗ್ಗಿ ಹೇಳ್ತಿದ್ದೆವು. ಆಗ ಉಗ್ಗು ಇರುವ ಗೆಳೆಯನೂ ಸಾಮಾನ್ಯವಾಗಿ ತಡವರಿಸ್ತಿರಲಿಲ್ಲ. ಭಜನೆಯಲ್ಲೂ ಅಷ್ಟೇ, ಹಾಡಿನಲ್ಲೂ ಅಷ್ಟೇ. ಒಬ್ಬನೇ ಎದ್ದು ಹೆಸರು ಹೇಳು ಅಂದರೆ ಸಿಕ್ಕಿಬೀಳ್ತಿದ್ದ. ನಾಲಿಗೆ ಅದೇ, ಹಲ್ಲು ಅದೇ. ಅಂದಮೇಲೆ ತೊಂದರೆ ನಾಲಿಗೆಯದ್ದಲ್ಲ.

ಶಿಕಾರಿಪುರ ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಂತಿದೆ ಅಂದ್ಕೊಳ್ಳಿ. ಡ್ರೈವರ್ ಕೂತಾಗಿದೆ, ಜನ ಹತ್ತಿಯಾಗಿದೆ, ಎಂಜಿನ್ ಆನ್ ಆಗಿದೆ. ಕಂಡಕ್ಟರ್ "ರೈಟ್" ಅನ್ನೋದು ಮಾತ್ರ ತಡ. ಬಸ್ ಕೆಟ್ಟಿಲ್ಲ, ಹೊರಡುವ ಸೂಚನೆ ಸರಿಯಾದ ಕ್ಷಣಕ್ಕೆ ಬರ್ತಿಲ್ಲ. ಮಿದುಳಿನ ಆಳದಲ್ಲಿರುವ ಕೆಲವು ಕೇಂದ್ರಗಳು ಮಾತಿಗೆ ಈ ಸೀಟಿ ಊದುವ ಕೆಲಸದಲ್ಲಿ ಪಾಲು ತಗೊಳ್ತವೆ ಅಂತ ವಿಜ್ಞಾನಿಗಳು ಹೇಳ್ತಾರೆ. ಹಾಡಿನ ತಾಳ, ಪಕ್ಕದವರ ದನಿ ಹೊರಗಿನಿಂದ ಸೀಟಿ ಊದಿದ ಹಾಗೆ.

2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ಕ್ಯಾನ್ ಅಧ್ಯಯನದಲ್ಲಿ, ಉಗ್ಗು ಇರುವವರ ಎಡ ಮಿದುಳಿನ ಮಾತಿನ ಭಾಗಗಳನ್ನು ಜೋಡಿಸುವ ನರತಂತುಗಳಲ್ಲಿ ವ್ಯತ್ಯಾಸ ಕಂಡಿತು. ಸುಶ್ರುತ ಸಂಹಿತೆ ಹೇಳಿದ ಶಬ್ದದ ನಾಳ ಇದಲ್ಲ, ಆದರೆ ಪ್ರಶ್ನೆ ಮತ್ತೆ ದಾರಿಯ ಕಡೆಗೇ ತಿರುಗಿತು. 2010ರಲ್ಲಿ ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಶುರುವಾಗಿ, ಉಗ್ಗಿಗೆ ಸಂಬಂಧಪಟ್ಟ ಮೂರು ಜೀನ್‌ಗಳು ಗೊತ್ತಾದವು. ಎಲ್ಲರ ಉಗ್ಗಿಗೂ ಅವೇ ಕಾರಣ ಅಲ್ಲ. ಆದರೂ "ಹೆದರುಪುಕ್ಕಲ, ಅದಕ್ಕೇ ಉಗ್ಗುತ್ತಾನೆ" ಅನ್ನೋ ಮಾತಿಗೆ ಆಧಾರ ಇಲ್ಲ ಅಂತ ಆಯ್ತಲ್ಲ. ಹೆದರಿಕೆಯಿಂದ ಉಗ್ಗು ಹೆಚ್ಚಾಗಬಹುದು. ಹೆದರಿಕೆಯೇ ಬೇರು ಅಲ್ಲ.

ಭಾಗ 8/9 · ಸರಿ, ಚಿಪ್?

ಮೊದಲು ನೇರ ಉತ್ತರ. ಉಗ್ಗಿಗೆ ಅಂತ ಒಪ್ಪಿಗೆ ಸಿಕ್ಕ ಮಿದುಳಿನ ಇಂಪ್ಲಾಂಟ್ ಇಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನ ಆಳದಲ್ಲಿ ತಂತಿ ಇಡುವ ಚಿಕಿತ್ಸೆ ಇದೆ. ಅದಾದ ಮೇಲೆ ಕೆಲವರಿಗೆ ಉಗ್ಗು ಕಡಿಮೆ ಆದದ್ದೂ ಉಂಟು, ಕೆಲವರಿಗೆ ಹೆಚ್ಚಾದದ್ದೂ ಉಂಟು.

ರೀಲ್ಸ್‌ನಲ್ಲಿ ಕಾಣುವ ಮಾತಿನ ಇಂಪ್ಲಾಂಟ್ ಬೇರೆಯವರಿಗಾಗಿ. ಲಕ್ವ ಹೊಡೆದು ಅಥವಾ ನರಗಳ ಕಾಯಿಲೆಯಿಂದ ಮಾತೇ ನಿಂತುಹೋದವರಿಗಾಗಿ. 2023ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ ಅಂಥ ಒಬ್ಬ ಮಹಿಳೆಯ ಮಿದುಳಿನ ಸಂಕೇತ ಓದಿ ನಿಮಿಷಕ್ಕೆ 62 ಪದ ತೆರೆಯ ಮೇಲೆ ತಂದಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ತಂಡ 256 ಎಲೆಕ್ಟ್ರೋಡ್ ಇಟ್ಟು ನೂರಕ್ಕೆ 97ರಷ್ಟು ಪದ ಸರಿಯಾಗಿ ಹಿಡಿಯಿತು.

ರೀಲ್ಸ್ ತೋರಿಸದ ಸಂಗತಿ ಒಂದಿದೆ. ಸ್ಟ್ಯಾನ್‌ಫರ್ಡಿನ ಆ ಮಹಿಳೆ ಸುಮಾರು 25 ಸಲ, ಸಲಕ್ಕೆ ಸುಮಾರು 4 ಗಂಟೆ ಕೂತು ವಾಕ್ಯದ ಮೇಲೆ ವಾಕ್ಯ ಹೇಳಲು ಪ್ರಯತ್ನ ಮಾಡಿದರು. ಆಮೇಲೆ ಕಂಪ್ಯೂಟರ್ ಕಲಿಯಿತು. ಕಿವಿಯ ಕಾಕ್ಲಿಯರ್ ಇಂಪ್ಲಾಂಟ್ ಕಥೆಯೂ ಇದೇ. ಕೇಂದ್ರದ ಅಡಿಪ್ ಯೋಜನೆಯಲ್ಲಿ 2014ರಿಂದ ಅರ್ಹ ಮಕ್ಕಳಿಗೆ 6 ಲಕ್ಷ ರೂಪಾಯಿವರೆಗಿನ ಇಂಪ್ಲಾಂಟಿಗೆ ನೆರವು ಸಿಗುವ ಹಾಗಾಯ್ತು. ಆಪರೇಷನ್ ಕೆಲವು ಗಂಟೆ ಸಾಕು. ಆದರೆ ಸ್ವಿಚ್ ಹಾಕಿದ ದಿನ ಮಗುವಿಗೆ ಕೇಳೋದು ಅರ್ಥವಿಲ್ಲದ ಸದ್ದು. ಅದು "ಅಮ್ಮ" ಆಗೋಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ತರಬೇತಿ ಬೇಕು. ಮೈಸೂರಿನಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ತರಗತಿಯಲ್ಲಿ ಕೂತು ಕಲೀತಾರೆ.

2018ರಲ್ಲಿ ಆಕ್ಸ್‌ಫರ್ಡಿನಲ್ಲಿ ಉಗ್ಗಿಗೇ ಒಂದು ಪ್ರಯೋಗ ಆಯ್ತು. ಆಪರೇಷನ್ ಇಲ್ಲ. ಉಗ್ಗು ಇರುವ 30 ಗಂಡಸರಿಗೆ 5 ದಿನ ಮಾತಿನ ತರಬೇತಿ, ಅದರ ಜೊತೆ ಅರ್ಧದಷ್ಟು ಜನರಿಗೆ ತಲೆಯ ಮೇಲಿಂದ 1 ಮಿಲಿಆಂಪಿಯರ್ ಕರೆಂಟ್. ಕರೆಂಟ್ ಸಿಕ್ಕವರಲ್ಲಿ ಉಗ್ಗು ಹೆಚ್ಚು ಕಡಿಮೆಯಾಯ್ತು. ಗಮನಿಸಿ, ಕರೆಂಟ್ ಒಂದನ್ನೇ ಕೊಟ್ಟದ್ದಲ್ಲ, ತರಬೇತಿಯ ಜೊತೆ ಕೊಟ್ಟದ್ದು. (ಮನೆಯಲ್ಲಿ ಬ್ಯಾಟರಿ ಹಿಡ್ಕೊಂಡು ಯಾರೂ ಪ್ರಯೋಗಕ್ಕೆ ಇಳೀಬೇಡಿ ಮಾರಾಯ್ರೆ.)

ನಾಳೆ ಒಂದು ದಿನ ಉಗ್ಗಿಗೂ ಚಿಪ್ ಬರಬಹುದು. ಬಂದರೂ ಅಭ್ಯಾಸ ತಪ್ಪಲ್ಲ, ಕೂತು ಕೇಳುವವರು ಬೇಕೇ ಬೇಕು.

ಭಾಗ 9/9 · ನಮ್ಮ ಪಾಲು

ಚಿಪ್‌ಗೆ ಕಾಯುವ ತನಕ ಏನು ಮಾಡೋದು?

ಮನೆಯಲ್ಲಿ ಎರಡು ಮೂರು ವರ್ಷದ ತಮ್ಮನೋ ತಂಗಿಯೋ ಉಗ್ಗುತ್ತಿದ್ದರೆ ಗಾಬರಿ ಬೇಡ. ಹೀಗೆ ಶುರುವಾದ ಮಕ್ಕಳಲ್ಲಿ ಹೆಚ್ಚಿನವರಿಗೆ ತಾನಾಗಿ ಹೋಗುತ್ತೆ. ಆದರೆ ಆರು ತಿಂಗಳಿಗಿಂತ ಹೆಚ್ಚು ಇದ್ದರೆ, ಮಗು ಮುಖ ಬಿಗಿ ಮಾಡಿ ಒದ್ದಾಡ್ತಿದ್ದರೆ, ಮನೆಯಲ್ಲಿ ಮೊದಲೇ ಯಾರಿಗಾದರೂ ಉಗ್ಗು ಇದ್ದರೆ, ತೋರಿಸೋದು ಒಳ್ಳೇದು. ದೂರ ಹೋಗಬೇಕಾಗಿಲ್ಲ. ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿ ಆಯಿಷ್‌ನ ಕೇಂದ್ರ ಇದೆ, ಸೊರಬದವರಿಗೆ ಪಕ್ಕದ ಊರು. ಮೈಸೂರಿನವರು ಆನ್‌ಲೈನಿನಲ್ಲೂ ಥೆರಪಿ ಕೊಡ್ತಾರೆ. ಹೋಗುವ ಮೊದಲು ಫೋನ್ ಮಾಡಿ ದಿನ ಕೇಳ್ಕೊಳ್ಳಿ. ದೊಡ್ಡವರಾದ ಮೇಲೆ ಹೋದರೂ ತಡ ಆಯ್ತು ಅಂತಿಲ್ಲ.

ಉಗ್ಗು ಇರುವವರೇ ಸೇರಿ ಕಟ್ಟಿಕೊಂಡ ಸಂಘವೂ ಇದೆ. ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್, 2008ರಿಂದ. "ಉಗ್ಗು ಹೋದಮೇಲೆ ಮಾತಾಡ್ತೀನಿ" ಅಂತ ಕೂರೋದು ಬೇಡ, ಉಗ್ಗುತ್ತಲೇ ಮಾತಾಡೋಣ ಅನ್ನೋದು ಅಲ್ಲಿನವರ ದಾರಿ.

ಇನ್ನು ಪಕ್ಕದ ಬೆಂಚಿನವರಿಗೆ, ಅಂದ್ರೆ ನಮಗೆ:

• ಅವರ ಮಾತನ್ನು ನಾವು ಮುಗಿಸಬಾರದು. ಪದ ಗೊತ್ತಾದರೂ ಕಾಯಬೇಕು.
• "ನಿಧಾನ", "ಉಸಿರು ತಗೋ" ಅನ್ನೋದು ಸಹಾಯ ಅಲ್ಲ. ಅದು ಅವರಿಗೆ ಗೊತ್ತು.
• ಮುಖ ನೋಡಿ ಕೇಳಿ. ಹೇಗೆ ಹೇಳಿದರು ಅನ್ನೋದು ಬಿಟ್ಟು, ಏನು ಹೇಳಿದರು ಅನ್ನೋದಕ್ಕೆ ಉತ್ತರ ಕೊಡಿ.
• ಯಾರಾದರೂ ಅಣಕಿಸಿ ಮಾತಾಡಿದಾಗ ನಗಬೇಡಿ. ಒಬ್ಬರು ನಗದಿದ್ದರೂ ಸಾಕು, ಅಣಕಿಸಿದವರಿಗೆ ತಿಳಿಯುತ್ತೆ.
• ಹಾಜರಿಗೆ ಕೈ ಎತ್ತಿದರೂ ಸಾಕು, ವೈವಾದಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಿ ಅಂತ ಟೀಚರ್ ಹತ್ತಿರ ಕೇಳಬಹುದು. ಬೇಕಾ ಅಂತ ಮೊದಲು ಅವರನ್ನೇ ಕೇಳಿ.

ಉಗ್ಗು ಇದ್ದೂ ಇಲ್ಲಿಯ ತನಕ ಓದಿದವರೇ, ನಿಮಗೆ ಒಂದೇ ಮಾತು. ಈ ಇತಿಹಾಸದಲ್ಲಿ ನಾಲಿಗೆಯನ್ನು ಕತ್ತರಿಸಿದರು, ತಾಯಿತಂದೆಯನ್ನು ದೂರಿದರು, ಧೈರ್ಯ ಇಲ್ಲ ಅಂದರು. ಮೂರೂ ತಪ್ಪು ಅಂತ ಈಗ ಗೊತ್ತಾಗಿದೆ. ನಿಮ್ಮ ತಪ್ಪೇನೂ ಇಲ್ಲ. ಮುಂದಿನ ವೈವಾದಲ್ಲಿ ಉತ್ತರ ಗೊತ್ತಿದ್ದರೆ ಹೇಳಿ. ಎಷ್ಟು ಹೊತ್ತಾದರೂ ಆಗಲಿ, ನಾವು ಕೇಳ್ತೀವಿ.

ಅಕ್ಟೋಬರ್ 22 ವಿಶ್ವ ಉಗ್ಗು ಜಾಗೃತಿ ದಿನ. ಆ ದಿನ ಸ್ಟೇಟಸ್ ಹಾಕೋದಕ್ಕಿಂತ ಈ ಸರಣಿಯನ್ನು ನಿಮ್ಮ ಕ್ಲಾಸ್ ಗ್ರೂಪಿಗೆ ಹಾಕಿ. ಸೇವ್ ಮಾಡ್ಕೊಳ್ಳಿ, ಪ್ರಶ್ನೆ ಇದ್ದರೆ ಕಾಮೆಂಟಿನಲ್ಲಿ ಕೇಳಿ. ಮುಂದಿನ ಸರಣಿ ತಾಳಗುಂದದ ಬಗ್ಗೆ.

#ಶಿಕಾರಿಪುರ #ಸೊರಬ #ಬಳ್ಳಿಗಾವಿ #ನಮ್ಮೂರಇತಿಹಾಸ #ಉಗ್ಗು #ಕಾದುಕೇಳಿ